ಮಾವ ಹೋದರು, ಗ್ಯಾರಾರ್ಡ್ ಉಳಿಯಿತು!

ಸತ್ತವರ ಪಂಚೆ, ಹಾಸಿಗೆ, ಚೊಂಬು ಏನು ಮಾಡಬೇಕು ಅಂತ ಪುರೋಹಿತರು ಹೇಳ್ತಾರೆ. ಛತ್ರಿ, ಚಪ್ಪಲಿ ದಾನಕ್ಕೆ ಹೋಗುತ್ತವೆ. ಒಡವೆ ಇದ್ದರೆ ಹೆಣ್ಣುಮಕ್ಕಳು ಹಂಚಿಕೊಳ್ತಾರೆ, ಜಮೀನಿದ್ದರೆ ಗಂಡುಮಕ್ಕಳು ಕೋರ್ಟಿಗೆ ಹೋಗ್ತಾರೆ. ಆದರೆ ಸ್ವಾಮಿ, ಸತ್ತವನು ಬಿಟ್ಟುಹೋದ ಆಂಪ್ಲಿಫೈಯರ್ ಏನು ಮಾಡಬೇಕು? ಗೋಡೆ ತುಂಬಾ ಜೋಡಿಸಿದ ಗ್ರಾಮಫೋನ್ ಪ್ಲೇಟುಗಳು? ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು? ಇದಕ್ಕೆ ಗರುಡ ಪುರಾಣದಲ್ಲೂ ಉತ್ತರ ಇಲ್ಲ!

ನನ್ನ ಸೋದರಮಾವ ತೀರಿಕೊಂಡದ್ದು 2023ರ ಫೆಬ್ರವರಿಯಲ್ಲಿ, ತುಮಕೂರಿನಲ್ಲಿ. 72 ವರ್ಷ. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿದವರು. ಆ ಕೆಇಬಿ ಆಮೇಲೆ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೆಸ್ಕಾಂ ಆಯ್ತು, ಆದರೆ ಮಾವನ ಬಾಯಲ್ಲಿ ಕೊನೇತನಕ ಕೆಇಬಿಯೇ. ಹಗಲೆಲ್ಲ ಊರಿನವರ ಕರೆಂಟು ಸರಿಮಾಡೋದು, ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ಸೋಲ್ಡರಿಂಗ್ ಐರನ್ ಬಿಸಿ ಮಾಡೋದು. ನಮ್ಮ ಮನೇಲೇ ಜಾಲಹಳ್ಳಿ ಬಿಇಎಲ್‌ನವರು ಮಾಡಿದ ವಾಲ್ವುಗಳು ಇದ್ದವು ಅಂದರೆ ನಂಬ್ತೀರಾ? ಒಂದು ಕಾಲಕ್ಕೆ ಬಿಇಎಲ್ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ಮಾವ ಅವನ್ನು ಹತ್ತಿಯಲ್ಲಿ ಸುತ್ತಿ ಹಾರ್ಲಿಕ್ಸ್ ಸೀಸೆಯಲ್ಲಿ ಇಟ್ಟಿದ್ದರು. ಅತ್ತೆ ಒಂದು ಸಲ ಆ ಸೀಸೆ ಖಾಲಿ ಮಾಡಿ ಹುಣಸೆಹಣ್ಣು ತುಂಬಲು ಹೋಗಿ ಮೂರು ದಿನ ಮನೇಲಿ ಮಾತುಕತೆ ಇರಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಬಿಟ್ಟಿದ್ದಕ್ಕೆ ಎಲ್ಲರೂ ಬೈದರು, ಮಾವ ಒಬ್ಬರು ಬೈಯಲಿಲ್ಲ. ಅವರ ಕೋಣೆಯಲ್ಲಿ ಕೂತು ರೆಕಾರ್ಡಿನ ಲಕೋಟೆ ಓದುತ್ತಿದ್ದೆ. ಸಂಗೀತ ಯಾರು, ಸಾಹಿತ್ಯ ಯಾರು, ಹಾಡಿದವರು ಯಾರು. 'ಎರಡು ಕನಸು' 1974, ರಾಜನ್-ನಾಗೇಂದ್ರ. 'ಸನಾದಿ ಅಪ್ಪಣ್ಣ' 1977, ಜಿ.ಕೆ. ವೆಂಕಟೇಶ್, ಶಹನಾಯಿ ನುಡಿಸಿದವರು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಕಾಲೇಜು ಕಲಿಸದ್ದನ್ನು ಆ ಲಕೋಟೆಗಳು ಕಲಿಸಿದವು. ಇವತ್ತು ಇಂಥ ಪತ್ರಿಕೆಗಳಿಗೆ ನಾಲ್ಕು ಸಾಲು ಬರೆದು ಅನ್ನ ತಿನ್ನುತ್ತಿದ್ದೇನೆ ಅಂದರೆ ಅದರ ಋಣ.

ಆ ಋಣಕ್ಕೇ ಇರಬೇಕು, ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಎಲ್ಲರೂ ನನ್ನ ಕಡೆ ತಿರುಗಿದರು. "ನೀನು ಸಿನಿಮಾದವನು ಕಣೋ, ಇದೆಲ್ಲ ಏನು ಬೆಲೆ ಬಾಳುತ್ತೆ ನೋಡಿ ಮಾರಿಸಿಕೊಡು," ಅಂದರು ಅತ್ತೆ. ಕೋಣೆ ಖಾಲಿಯಾದರೆ ಬಾಡಿಗೆಗೆ ಕೊಡಬಹುದು ಅಂತ ಅವರ ಲೆಕ್ಕ. ಮಾವನ ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. "ಯಾರಿಗಾದ್ರೂ ಕೊಟ್ಬಿಡಿ, ಎಲ್ಲ ಹಾಡೂ ಮೊಬೈಲಲ್ಲೇ ಬರುತ್ತೆ," ಅಂದ. ತಪ್ಪಲ್ಲ, ಬರುತ್ತೆ.

ಅವನು ಊರಿಗೆ ಹೊರಡೋ ಮುಂಚೆ, ಅಪ್ಪನ ನೆನಪಿಗೆ ಒಂದು ಹಾಡು ಕೇಳೋಣ ಅಂತ ಆಂಪ್ಲಿಫೈಯರಿನ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಗುಂಯ್ ಅಂತ ಸದ್ದು... ಢಮಾರ್! ಕೋಣೆ ತುಂಬಾ ಹೊಗೆ, ಕೊಳೆತ ಮೀನಿನ ವಾಸನೆ. ಮಾವ ಕಾಯಿಲೆ ಬಿದ್ದು ಎರಡು ವರ್ಷ ಅದನ್ನು ಮುಟ್ಟಿರಲಿಲ್ಲ. ಅಷ್ಟು ದಿನ ಸುಮ್ಮನಿದ್ದ ಹಳೇ ಸೆಟ್ಟಿನ ಕೆಪಾಸಿಟರುಗಳು ಒಣಗಿ ಹೋಗಿರುತ್ತವೆ, ಒಮ್ಮೆಗೇ 230 ವೋಲ್ಟ್ ಕೊಟ್ಟರೆ ಒಡೆಯುತ್ತವೆ. ಊರ ರೇಡಿಯೋ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರೋ ಉಪಾಯ ಒಂದಿದೆ. ಸೆಟ್ಟಿನ ಜೊತೆ ಸೀರೀಸಿನಲ್ಲಿ ಒಂದು 60 ವ್ಯಾಟಿನ ಹಳೇ ಬಲ್ಬು ಹಾಕಿ ಕರೆಂಟು ಕೊಡೋದು. ಒಳಗೆ ಏನಾದರೂ ಷಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತೆ, ಸೆಟ್ಟು ಬದುಕುತ್ತೆ. ಆ ಬಲ್ಬಿನ ಬೋರ್ಡು ಅದೇ ಮೇಜಿನ ಕೆಳಗೇ ಇತ್ತು. ನಮಗೆ ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ, ಅಷ್ಟೇ. (ನಿಮ್ಮ ಮನೇಲಿ ಅಜ್ಜನ ಕಾಲದ ರೇಡಿಯೋ ಇದ್ದರೆ ದಯವಿಟ್ಟು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಸ್ವಿಚ್ ತೆಗೆದ ಮೇಲೂ ಒಳಗೆ ಕೈಯಿಡಬೇಡಿ, ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತೆ.)

ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಹೊಗೆ ಬೀಸುತ್ತಾ ಅಂದರು, "ಇದ್ದಾಗಲೂ ಮನೆ ಸುಡೋಕೆ ನೋಡಿದ್ರು, ಹೋದ ಮೇಲೂ ಬಿಡಲಿಲ್ಲ ನೋಡು!"

ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. ಅವನು ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರು ಹೋಗಿ ಎಷ್ಟು ದಿನ ಆಯ್ತು?" ಎರಡನೆಯದು, "ಬೇರೆ ಯಾರಿಗಾದ್ರೂ ತೋರಿಸಿದ್ರಾ?" ಇಲ್ಲ ಅಂದೆ. "ನನಗೇ ಮೊದಲು ತೋರಿಸಿ, ನಿಮಗೆ ಪ್ರತ್ಯೇಕ 2,000 ಕೊಡ್ತೀನಿ," ಅಂದ. ನಾನು ಬೇಡ ಅನ್ನಲಿಲ್ಲ. ಮನೆ ಬಾಡಿಗೆ ಬಾಕಿ ಇತ್ತು.

ಅವನು ಬರೋ ಹಿಂದಿನ ರಾತ್ರಿ ಎಲ್ಲ ಒರೆಸಿ ಜೋಡಿಸುವಾಗ, ಮುಳ್ಳಿನ ಡಬ್ಬಿಗಳಿದ್ದ ಡ್ರಾಯರಿನಲ್ಲಿ ಒಂದು ಹಳೇ ಮೀಟರ್ ರೀಡಿಂಗ್ ಪುಸ್ತಕ ಸಿಕ್ಕಿತು. ಕೆಇಬಿಯದು. ಒಳಗೆ ಮಾವನ ಗುಂಡು ಅಕ್ಷರ. ಪ್ರತಿ ಪುಟದಲ್ಲೂ ಸಾಮಾನಿನ ಹೆಸರು, ವರ್ಷ, ಪಕ್ಕದಲ್ಲಿ ಎರಡು ಕಾಲಂ. ಒಂದರ ಮೇಲೆ 'ಮನೆಗೆ ಹೇಳಿದ್ದು.' ಇನ್ನೊಂದರ ಮೇಲೆ 'ಕೊಟ್ಟಿದ್ದು.'

ಫಿಲಿಪ್ಸ್ ಸ್ಪೂಲ್ ರೆಕಾರ್ಡರ್, 1981: ಮನೆಗೆ ಹೇಳಿದ್ದು 400, ಕೊಟ್ಟಿದ್ದು 1,900. ಸ್ಪೀಕರ್ ಜೋಡಿ, 1986: ಮನೆಗೆ ಹೇಳಿದ್ದು 250, ಕೊಟ್ಟಿದ್ದು 2,400. ಹೀಗೇ ಪುಟಗಟ್ಟಲೆ!

ನಗು ಬಂತು. ನಿಜ ಹೇಳಬೇಕಂದರೆ ನನಗೆ ಈ ವಿಷಯ ಅರ್ಧ ಗೊತ್ತೇ ಇತ್ತು. ಹುಡುಗನಾಗಿದ್ದಾಗ ಮಾವ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗ್ತಿದ್ದರು. ಎಸ್.ಪಿ. ರೋಡಿನಲ್ಲಿ ಕೆಪಾಸಿಟರು, ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ರೆಕಾರ್ಡು. ಬರೋವಾಗ ಅದು ನನ್ನ ಸ್ಕೂಲ್ ಬ್ಯಾಗಿನಲ್ಲಿ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ನನಗೊಂದು ಮಸಾಲೆ ದೋಸೆ. "ಲೇ, ಅತ್ತೆ ಕೇಳಿದ್ರೆ ಐವತ್ತು ರೂಪಾಯಿ ಅನ್ನು." ಆ ದೋಸೆಯ ರುಚಿಗೆ ನಾನು ಎಷ್ಟು ಸುಳ್ಳು ಹೇಳಿದೀನೋ ಲೆಕ್ಕವಿಲ್ಲ.

ಆದರೆ ಈಗ ನಗುವ ಹಾಗಿರಲಿಲ್ಲ. ಯೋಚನೆ ಮಾಡಿ. ನಾಳೆ ವ್ಯಾಪಾರಿ ಬಂದು ಸ್ಪೀಕರಿಗೆ 1,000 ಅಂತಾನೆ. ಗಂಡ 250 ಅಂತ ಹೇಳಿದ್ದ ಸಾಮಾನು, ನಾಲ್ಕರಷ್ಟು ಬಂತು ಅಂತ ಅತ್ತೆ ಖುಷಿಯಾಗಿ ಕೊಟ್ಟುಬಿಡ್ತಾರೆ! ಇಂಥ ಹುಚ್ಚಿನವರು ಹೆಂಡತಿಗೆ ಹೇಳುವ ಸುಳ್ಳು ಅವರು ಸತ್ತ ಮೇಲೆ ವ್ಯಾಪಾರಿಯ ಜೇಬು ತುಂಬಿಸುತ್ತೆ. ಪುಸ್ತಕ ತೋರಿಸಿದರೆ ಬೆಲೆ ಬರುತ್ತೆ, ಆದರೆ ಸತ್ತು ಇನ್ನೂ ತಿಂಗಳಾಗದ ಗಂಡ ನಲವತ್ತು ವರ್ಷ ಸುಳ್ಳು ಹೇಳಿದ್ದು ಗೊತ್ತಾಗುತ್ತೆ. ತೋರಿಸದಿದ್ದರೆ ಗಂಡನ ಮಾನ ಉಳಿಯುತ್ತೆ, ಹೆಂಡತಿಯ ಕೈ ಖಾಲಿ. ಜೊತೆಗೆ ನನ್ನ 2,000 ಸಲೀಸು.

ರಾತ್ರಿಯಿಡೀ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ. ಬೆಳಿಗ್ಗೆ ಅತ್ತೆ ಕಾಫಿ ತಂದವರು ಹಾಸಿಗೆ ಎತ್ತಿ ಮಡಿಸುವಾಗ ಅದೇ ಬಿತ್ತು. ನಾನು ಕೊಟ್ಟೆ ಅಂತ ಬರೆದುಕೊಳ್ಳೋ ಆಸೆ ಇದೆ, ಆದರೆ ನಡೆದದ್ದು ಹಾಗಲ್ಲ.

ಕನ್ನಡಕ ಹಾಕಿಕೊಂಡು ಓದಿದರು. ಮೊದಲನೇ ಪುಟದಿಂದ ಕೊನೇ ಪುಟದ ತನಕ. ಒಂದು ಕಡೆ ಬೆರಳು ನಿಂತಿತು. 1986. "ಇದು ಆ ಸ್ಪೀಕರಾ?" ಹೂಂ ಅಂದೆ. "ಸೊಸೈಟಿ ಸಾಲ ಕಟ್ಟಬೇಕು ಅಂತ ನನ್ನ ಎರಡು ಬಳೆ ಗಿರವಿ ಇಟ್ಟಿದ್ರು. ಬಿಡಿಸಲೇ ಇಲ್ಲ." ಎದ್ದು ಹೋಗಿ ಸ್ಪೀಕರ್ ಪೆಟ್ಟಿಗೆಯನ್ನು ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ ಬೆರಳಿನಿಂದ ತಟ್ಟಿದರು. ಅಳಲಿಲ್ಲ. ಒಳಗೆ ಹೋಗಿ ಅಕ್ಕಿ ತೊಳೆಯೋಕೆ ಶುರುಮಾಡಿದರು. ಅಕ್ಕಿ ಅವತ್ತು ಬಹಳ ಹೊತ್ತು ತೊಳೆದರು.

ಹನ್ನೊಂದು ಗಂಟೆಗೆ ವ್ಯಾಪಾರಿ ಬಂದ. ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, ಮುಖ ಸಪ್ಪೆ ಮಾಡಿಕೊಂಡು, "ಎಲ್ಲ ಸೇರಿ 22,000 ಮಾಡ್ಕೊಳ್ಳಿ ಅಮ್ಮಾ. ಇಲ್ಲಾಂದ್ರೆ ಗುಜರಿಗೆ ಹೋಗೋ ಮಾಲು," ಅಂದ. ಗುಜರಿಯ ವಿಷಯ ಅವನು ಸುಳ್ಳು ಹೇಳಲಿಲ್ಲ. ಎಷ್ಟೋ ಮನೆಗಳಲ್ಲಿ ನಡೆಯೋದೇ ಅದು. ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರದ ತಂತಿ ಬಿಚ್ಚುತ್ತಾರೆ, ಕಬ್ಬಿಣ ತೂಕಕ್ಕೆ, ಮರದ ಪೆಟ್ಟಿಗೆ ಒಲೆಗೆ. 78ರ ಹಳೇ ಪ್ಲೇಟುಗಳಿಗಂತೂ ಆ ಗತಿಯೂ ಇಲ್ಲ. ಅವು ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ ಮಾಡಿದವು, ಪ್ಲಾಸ್ಟಿಕ್ಕೂ ಅಲ್ಲ, ಲೋಹವೂ ಅಲ್ಲ. ತೂಕಕ್ಕೂ ಯಾರೂ ಕೊಳ್ಳಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದುಕೊಂಡು ಕೂತರು. ತೊಡೆ ಮೇಲೆ ಮೀಟರ್ ಪುಸ್ತಕ. "ಸ್ಪೀಕರ್ ಜೋಡಿ, 1986ರಲ್ಲೇ 2,400. ನೀವು ಈಗ ಎಷ್ಟು ಹೇಳ್ತೀರಿ?" ವ್ಯಾಪಾರಿ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಒಂದೊಂದೇ ಸಾಮಾನು, ಒಂದೊಂದೇ ಸಾಲು... ಓದುಗ ಮಿತ್ರರೇ, ಕನ್ನಡ ಸಿನಿಮಾದಲ್ಲಿ ಎಷ್ಟೋ ಕೋರ್ಟ್ ಸೀನ್ ನೋಡಿದೀನಿ, ಇಂಥ ಕ್ರಾಸ್ ಎಕ್ಸಾಮಿನೇಷನ್ ನೋಡಿಲ್ಲ! ಯಾವ ಬಲಗಡೆ ಕಾಲಂ ಅನ್ನು ಮಾವ ಹೆಂಡತಿಯಿಂದ ಬಚ್ಚಿಟ್ಟಿದ್ದರೋ ಅದನ್ನೇ ಹಿಡಿದು ಅತ್ತೆ ವ್ಯಾಪಾರ ಮಾಡಿದರು. ಎಲ್ಪಿ, ಇಪಿಗಳಲ್ಲಿ ಗೀರು ಇಲ್ಲದ್ದು, ಲಕೋಟೆ ಇರೋದು ಬೇರೆ, ಲಕೋಟೆ ಹರಿದದ್ದು ಬೇರೆ. ಅಷ್ಟು ಮಾತ್ರ ನಾನು ಹೇಳಿಕೊಟ್ಟೆ. ಮೂರು ಗಂಟೆಗೆ 58,000ಕ್ಕೆ ನಿಂತಿತು. ಸುಟ್ಟ ಆಂಪ್ಲಿಫೈಯರ್, ವಾಲ್ವುಗಳ ಸೀಸೆ ಎಲ್ಲ ಸೇರಿ. 78ರ ಪ್ಲೇಟುಗಳಲ್ಲಿ ನಲವತ್ತು ಆರಿಸಿಕೊಂಡ, ಉಳಿದವು ಬೇಡ ಅಂದ. ಅವು ಈಗ ಗೋಣಿಚೀಲದಲ್ಲಿ ಅಟ್ಟದ ಮೇಲಿವೆ. ಸ್ಪೂಲ್ ಟೇಪುಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅವನ್ನೂ ಯಾರೂ ಕೇಳಲಿಲ್ಲ.

ಒಂದೇ ಒಂದು ಸಾಮಾನು ಆ ವ್ಯಾಪಾರದಲ್ಲಿ ಹೋಗಲಿಲ್ಲ. ಅದೇ ಗ್ಯಾರಾರ್ಡ್.

ಗ್ಯಾರಾರ್ಡ್ 401 ಅಂದರೆ ರೆಕಾರ್ಡ್ ತಿರುಗಿಸೋ ಟರ್ನ್‌ಟೇಬಲ್. ಇಂಗ್ಲೆಂಡಿನ ಸ್ವಿಂಡನ್ ಊರಿನ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಮಾಡೋಕೆ ಶುರುಮಾಡಿದ್ದು. ಮೋಟಾರು ಒಂದು ರಬ್ಬರ್ ಚಕ್ರವನ್ನು ತಿರುಗಿಸುತ್ತೆ, ಆ ಚಕ್ರ ತಟ್ಟೆಯನ್ನು ತಿರುಗಿಸುತ್ತೆ. 33, 45, 78 ಮೂರೂ ಓಡುತ್ತೆ. ತಟ್ಟೆಯ ಅಂಚಿನಲ್ಲಿ ಸಾಲು ಚುಕ್ಕೆಗಳು, ಪಕ್ಕದಲ್ಲಿ ಒಂದು ಪುಟ್ಟ ನಿಯಾನ್ ದೀಪ. ನಮ್ಮ 50 ಸೈಕಲ್ ಕರೆಂಟಿಗೆ ಆ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. ವೇಗ ಸರಿಯಾಗಿದ್ದರೆ ಓಡುತ್ತಿರೋ ಚುಕ್ಕೆಗಳು ನಿಂತ ಹಾಗೆ ಕಾಣುತ್ತವೆ. ಮಾವ ಅದನ್ನು ನೋಡುತ್ತಾ, "ನಮ್ಮ ಕೆಇಬಿ ಕರೆಂಟು ಸರಿಯಿದ್ರೇನೇ ಪಿ.ಬಿ. ಶ್ರೀನಿವಾಸ್ ಶ್ರುತಿಯಲ್ಲಿ ಇರೋದು ಕಣೋ!" ಅಂತ ಮೀಸೆ ತಿರುವುತ್ತಿದ್ದರು. ಇವತ್ತು ಒಳ್ಳೇ ಸ್ಥಿತಿಯಲ್ಲಿರೋದಕ್ಕೆ ಲಕ್ಷದ ಮೇಲೆ ಕೊಡುವವರಿದ್ದಾರೆ. ವ್ಯಾಪಾರಿ ಮೊದಲು, "ಹಳೇ ಮೋಟಾರು, 5,000" ಅಂದಿದ್ದ.

ಪುಸ್ತಕದಲ್ಲಿ ಆ ಸಾಲು ಹೀಗಿತ್ತು: ಗ್ಯಾರಾರ್ಡ್, ಮೈಸೂರು, 2006. ಮನೆಗೆ ಹೇಳಿದ್ದು 500. ಕೊಟ್ಟಿದ್ದು 500. ಇಡೀ ಪುಸ್ತಕದಲ್ಲಿ ಎರಡೂ ಕಾಲಂ ಒಂದೇ ಇದ್ದದ್ದು ಅದೊಂದೇ ಸಾಲಿನಲ್ಲಿ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದು ಪದ. 'ಬಾಕಿ.'

"ಇದೇನೋ ಬಾಕಿ?" ಅಂದರು ಅತ್ತೆ.

ನನಗೆ ಗೊತ್ತಿತ್ತು. ನಾನಲ್ಲಿದ್ದೆ. ಬೇಸಿಗೆ ರಜೆ, ನನಗೆ ಒಂಬತ್ತು ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಹೆಂಚಿನ ಮನೆ, ಮುಂದೆ ಸಂಪಿಗೆ ಮರ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು, ಸಾಮಾನು ಮಾರ್ತಾರಂತೆ ಅಂತ ಯಾರೋ ಮಾವನಿಗೆ ಹೇಳಿದ್ದರು. ದಾರಿಯುದ್ದಕ್ಕೂ ಮಾವ ಗೌಹರ್ ಜಾನ್ ಕತೆ ಹೇಳಿಕೊಂಡು ಬಂದಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮೊದಲ ರೆಕಾರ್ಡುಗಳಿಗೆ ಹಾಡಿದಾಕೆ, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇದೇ ಊರಲ್ಲಿ ತೀರಿಕೊಂಡರು. "ಅಷ್ಟು ಸಂಪಾದಿಸಿದೋಳ ಸಾಮಾನೆಲ್ಲ ಎಲ್ಲಿ ಹೋಯ್ತೋ, ಪ್ಲೇಟು ಮಾತ್ರ ಉಳೀತು ನೋಡು," ಅಂದಿದ್ದರು.

ಆ ಮನೆಯ ಅಜ್ಜಿ ನನಗೆ ಕೋಡುಬಳೆ ಕೊಟ್ಟರು. ಗ್ಯಾರಾರ್ಡಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. "ನಮ್ಮ ಯಜಮಾನ್ರು ಇದನ್ನ 500 ರೂಪಾಯಿಗೆ ತಂದೆ ಅಂದಿದ್ರು. ಹಳೇದಾಗಿದೆ, ನೀವು 300 ಕೊಡಿ ಸಾಕು," ಅಂದರು. ಮಾವ ಬಹಳ ಹೊತ್ತು ತಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು. ಆಮೇಲೆ, "ಬೇಡಮ್ಮಾ, ಪೂರ್ತಿ 500 ತಗೊಳ್ಳಿ," ಅಂದರು. ಅಜ್ಜಿಗೆ ಸಂತೋಷವೋ ಸಂತೋಷ. ಮುಳ್ಳಿನ ಡಬ್ಬಿಯನ್ನೂ ಹಾಗೇ ಕೊಟ್ಟರು. ಬಸ್ಸಿನಲ್ಲಿ ಅಷ್ಟು ಭಾರದ ಸಾಮಾನನ್ನು ಮಾವ ತೊಡೆಯಿಂದ ಇಳಿಸಲಿಲ್ಲ. ಕುಣಿಗಲ್ ಬರೋ ತನಕ ಒಂದು ಮಾತಿಲ್ಲ. ಆಮೇಲೆ, ನನಗಲ್ಲ, ಕಿಟಕಿಗೆ ಹೇಳಿದ ಹಾಗೆ, "ಆ ಪುಣ್ಯಾತ್ಮನೂ ಮನೇಲಿ ಸುಳ್ಳು ಹೇಳಿದಾನೆ," ಅಂದರು. ಅವತ್ತು ದೋಸೆ ಇರಲಿಲ್ಲ. ನನಗೆ ಅದೇ ಬೇಜಾರಾಗಿತ್ತು.

ಇದನ್ನೆಲ್ಲ ಅತ್ತೆಗೆ ವ್ಯಾಪಾರಿಯ ಎದುರಿಗೇ ಹೇಳಿಬಿಟ್ಟೆ. ಅತ್ತೆ ಪುಸ್ತಕ ಮುಚ್ಚಿದರು. "ಇದು ನಮ್ದಲ್ಲ. ಕೊಡೋಕಾಗಲ್ಲ." ವ್ಯಾಪಾರಿ 20,000 ಅಂದ, 40,000 ಅಂದ, ಚಪ್ಪಲಿ ಮೆಟ್ಟುತ್ತಾ 60,000 ಅಂದ. ಉಹೂಂ. ಹೋಗುವಾಗ ಗೇಟಿನ ಹತ್ತಿರ ನನ್ನ ಕೈಗೆ 2,000 ತುರುಕಿದ. "ನಿಮ್ಮತ್ತೆ ಭಾಳಾ ಖಡಕ್ಕು," ಅಂದ. ನಾನು ಇಸಕೊಂಡೆ.

58,000 ತಗೊಂಡು ಅತ್ತೆ ಚಿನ್ನದಂಗಡಿಗೆ ಹೋದರು. ಒಂದು ಬಳೆ ಬಂತು. ಹೋಗಿದ್ದು ಎರಡು.

ಮೇ ತಿಂಗಳಲ್ಲಿ ಅತ್ತೆ ನನ್ನನ್ನು ಮೈಸೂರಿಗೆ ಕಳಿಸಿದರು. ಹೆಂಚಿನ ಮನೆ ಇಲ್ಲ, ಸಂಪಿಗೆ ಮರ ಇಲ್ಲ, ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ. ವಾಚ್‌ಮನ್ ಬೇರೆ ಊರಿನವನು. ಮೂಲೆಯ ಇಸ್ತ್ರಿ ಅಂಗಡಿಯವನು, "ಅಜ್ಜಿ ಮಗಳ ಮನೆಗೆ ಹೋದ್ರು, ಮನೆ ಮಾರಿದ್ರು," ಅಂದ. ಯಾವ ಊರು? ಗೊತ್ತಿಲ್ಲ. ಎರಡು ಸಲ ಹೋಗಿಬಂದೆ. ಖರ್ಚು ಎಷ್ಟಾಯ್ತು ಅಂತ ಅತ್ತೆ ಕೇಳಿದರು. 1,400 ಅಂದೆ. ಆಗಿದ್ದು 900. ಹೀಗೆ ನನ್ನದೂ ಎರಡು ಕಾಲಂ ಶುರುವಾಗಿದೆ, ಆ 2,000ದ ವಿಷಯ ಬೇರೆ. ನಾನು ಬರೆದ ಪತ್ರಿಕೆಯನ್ನು ಅತ್ತೆ ಮೊದಲನೇ ಪುಟದಿಂದ ಕೊನೇ ಪುಟದ ತನಕ ಓದ್ತಾರೆ. ಈ ವಾರವೂ ಓದ್ತಾರೆ. ಓದಲಿ.

ಕೋಣೆಗೆ ಈಗ ಬಿ.ಎಡ್. ಓದೋ ಇಬ್ಬರು ಹುಡುಗಿಯರು ಬಾಡಿಗೆಗಿದ್ದಾರೆ. ಗ್ಯಾರಾರ್ಡು ಹಾಲ್‌ನಲ್ಲಿ ಹೊಲಿಗೆ ಮೆಷಿನ್ ಪಕ್ಕ ಇದೆ, ಮೇಲೆ ಅದೇ ಕಸೂತಿ ಬಟ್ಟೆ. ತಿಂಗಳಿಗೊಮ್ಮೆ ಹೋಗಿ, ಈಗ ಕಲಿತ ಬುದ್ಧಿ, ಸೀರೀಸ್ ಬಲ್ಬಿನಲ್ಲಿ ಒಮ್ಮೆ ನೋಡಿಕೊಂಡು ಆಮೇಲೆ ನೇರ ಕರೆಂಟು ಕೊಟ್ಟು ಓಡಿಸ್ತೀನಿ. ಸುಮ್ಮನೆ ಬಿಟ್ಟರೆ ಗ್ರೀಸು ಗಟ್ಟಿಯಾಗುತ್ತೆ. ವ್ಯಾಪಾರಿಯ ಕಣ್ಣು ತಪ್ಪಿಸಿ ಒಂದು ರೆಕಾರ್ಡು ಉಳಿಸಿಕೊಂಡಿದ್ದೆ, 'ಸನಾದಿ ಅಪ್ಪಣ್ಣ'. ಆಂಪ್ಲಿಫೈಯರ್ ಇಲ್ಲ, ಸ್ಪೀಕರ್ ಇಲ್ಲ. ಆದರೆ ಮುಳ್ಳು ಇಟ್ಟು ಕಿವಿ ಹತ್ತಿರ ತಂದರೆ, ಮುಳ್ಳೇ ಸೊಳ್ಳೆಯಷ್ಟು ಸಣ್ಣಗೆ ಹಾಡುತ್ತೆ. ಮೊನ್ನೆ ಅತ್ತೆಯೂ ಬಗ್ಗಿ ಕಿವಿಗೊಟ್ಟರು. "ಇಷ್ಟೇ ಸಾಕಿತ್ತಲ್ಲ ಇವರಿಗೆ," ಅಂದರು.

ಈಗ ವಿಷಯಕ್ಕೆ ಬರ್ತೀನಿ. ಈ ಪತ್ರಿಕೆ ಮೈಸೂರು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತೆ, ಎಲ್ಲೆಲ್ಲೋ ಹೋಗುತ್ತೆ. 2006ರ ಬೇಸಿಗೆಯಲ್ಲಿ ಸರಸ್ವತಿಪುರಂನ ಹೆಂಚಿನ ಮನೆಯಿಂದ ಒಬ್ಬ ಕೆಇಬಿಯವರಿಗೆ ಗ್ಯಾರಾರ್ಡ್ ಟರ್ನ್‌ಟೇಬಲ್ ಮಾರಿದ ಕುಟುಂಬದವರು ಯಾರಾದರೂ ಇದನ್ನು ಓದಿದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ಮರದ ಪೀಠದ ಅಡಿಯಲ್ಲಿ ನಿಮ್ಮ ಯಜಮಾನರು ಪೆನ್ಸಿಲಿನಲ್ಲಿ ಎರಡು ಪದ ಬರೆದಿದ್ದಾರೆ. ಅವು ಏನು ಅಂತ ಬರೆದರೆ ಸಾಕು, ನಾನೇ ತಂದುಕೊಡ್ತೀನಿ. ಬಸ್ ಚಾರ್ಜು ಅತ್ತೆಯದು.